ಗುಂಡಿನಳತೆ

ಹಿಂದಿನ ಕಾಲದ ನಮ್ಮ ಜನರು ದೂರವನ್ನು ಮೈಲಿಕಲ್ಲಿನಿಂದ ಅಳೆಯುತ್ತಿರಲಿಲ್ಲ. ನೆರೆಯ ಹಳ್ಳಿ ಕೂಗಳತೆಯಲ್ಲಿ ಇದ್ದಿತು. ಪಕ್ಕದ ಹೊಲ ಕಲ್ಲೆಸೆತದ ದೂರದಲ್ಲಿ ಇದ್ದಿತು. ಸಂತೆಯ ಊರು ಹರಿದಾರಿಗಳ ಲೆಕ್ಕಕ್ಕೆ ಬರುತ್ತಿದ್ದಿತು. ಈ ಅಳತೆಗಳೆಲ್ಲವೂ ಮನುಷ್ಯನ ದೇಹದಿಂದಲೇ ಹುಟ್ಟಿದವು. ಕೊರಳು ಎಷ್ಟು ದೂರ ಕೇಳಿಸೀತು, ತೋಳು ಎಷ್ಟು ದೂರ ಎಸೆದೀತು, ಕಾಲು ಎಷ್ಟು ದೂರ ನಡೆದೀತು ಎಂಬುದೇ ಅವುಗಳ ಆಧಾರ. ಕೋವಿ ಬಂದಮೇಲೆ ಇವುಗಳ ಜೊತೆಗೆ ಗುಂಡಿನಳತೆಯೂ ಸೇರಿತು. ಆದರೆ ಉಳಿದ ಅಳತೆಗಳಿಗೂ ಇದಕ್ಕೂ ಒಂದು ಭೇದವುಂಟು. ಕೂಗಳತೆಯು ನಾನೂರು ವರ್ಷಗಳ ಹಿಂದೆ ಎಷ್ಟಿದ್ದಿತೋ ಇಂದಿಗೂ ಅಷ್ಟೇ ಇದೆ. ಗುಂಡಿನಳತೆ ಮಾತ್ರ ನೂರು ಗಜದ ಒಳಗಿನಿಂದ ಹೊರಟು ಸಾವಿರ ಗಜವನ್ನು ದಾಟಿತು. ಅದು ಹೀಗೆ ಬೆಳೆದಂತೆಲ್ಲ, ಕೋವಿಯನ್ನು ಕೈಯಲ್ಲಿ ಹಿಡಿದು ಗುರಿಯನ್ನು ಅಭ್ಯಾಸಮಾಡಬಲ್ಲವರ ಸಂಖ್ಯೆ ಕುಗ್ಗುತ್ತ ಬಂದಿತು. ಈ ಎರಡೂ ಒಂದೇ ನೆಲದಲ್ಲಿ ಹೇಗೆ ನಡೆದವೆಂಬುದನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಆ ನೆಲವೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಸೀಮೆ. ಒಂದು ಕಡೆ ತುಂಗಭದ್ರೆ. ನಡುವೆ ಚಿಕ್ಕ ಹಗರಿ. ಕೂಡ್ಲಿಗಿಯ ಕಡೆಗೆ ಹೋದರೆ ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಗುಡ್ಡಗಳು. ಹಡಗಲಿಯ ಕಡೆಗೆ ಹೊರಳಿದರೆ ಕಣ್ಣು ಸೋಲುವವರೆಗೆ ಎರೆಯ ಹೊಲ. ಈ ಸೀಮೆಯು ಬಹುಕಾಲ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹರಪನಹಳ್ಳಿಯು ಅದಕ್ಕೆ ಮುಂಚೆ ೧೯೯೭ರಲ್ಲಿ ದಾವಣಗೆರೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿದ್ದಿತು. ಪಾಳೆಯಗಾರರ ಕಾಲದಲ್ಲಿ ಕೂಡ ಈ ಊರು ಇಷ್ಟು ಬೇಗ ಬೇಗ ಕೈಬದಲಾಯಿಸಿದ್ದು ಅಪರೂಪವೆಂದು ಹೇಳಬಹುದು. ಮಳೆ ಕಡಿಮೆ, ಮರ ಕಡಿಮೆ, ಬಯಲು ಹೆಚ್ಚು. ಇಂತಹ ಕಡೆಯಲ್ಲಿ ನೋಡುವವನ ಕಣ್ಣು ತಾನಾಗಿಯೇ ದೂರಕ್ಕೆ ಹೋಗುತ್ತದೆ. ಮಲೆನಾಡಿನ ಬೇಟೆಗಾರನು ಕಿವಿಯಿಂದ ಬೇಟೆಯಾಡಿದರೆ ಬಯಲುಸೀಮೆಯ ಬೇಟೆಗಾರನು ಕಣ್ಣಿನಿಂದ ಬೇಟೆಯಾಡಬೇಕು.

ಕೋವಿಗಿಂತ ಮುಂಚೆ ಇಲ್ಲಿ ಬಿಲ್ಲು ಇದ್ದಿತು. ಅದರ ನೆನಪು ಇನ್ನೂ ಅಳಿದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆ ನಡೆಯುವಾಗ, ಗೊರವಯ್ಯನು ಆಳೆತ್ತರವನ್ನು ಎಷ್ಟೋ ಮೀರಿದ ಬಿಲ್ಲನ್ನೇರಿ, ಸೇರಿದ ಲಕ್ಷಾಂತರ ಜನರನ್ನು ಒಮ್ಮೆಗೇ ಸುಮ್ಮನಿರಿಸಿ, ವರ್ಷದ ಕಾರಣಿಕವನ್ನು ಒಂದೇ ಒಂದು ವಾಕ್ಯದಲ್ಲಿ ನುಡಿದು ಕೆಳಕ್ಕೆ ಧುಮುಕುತ್ತಾನೆ. ಅದು ಎಸೆಯುವ ಬಿಲ್ಲಲ್ಲ, ಏರುವ ಬಿಲ್ಲು. ಆದರೂ ಭವಿಷ್ಯವನ್ನು ನುಡಿಯತಕ್ಕವನು ನಿಲ್ಲಬೇಕಾದ ಎತ್ತರವು ಬಿಲ್ಲಿನದೇ ಆಗಬೇಕೆಂದು ಈ ಸೀಮೆಯವರು ಎಣಿಸಿದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ಬಿಲ್ಲನ್ನು ಬಿಟ್ಟು ಕೋವಿಯನ್ನು ಹಿಡಿದವರಲ್ಲಿ ಮೊದಲಿಗರು ಬೇಡರು. ಇಂದು ಅವರು ವಾಲ್ಮೀಕಿ ನಾಯಕರೆಂದು ಕರೆಯಿಸಿಕೊಳ್ಳುತ್ತಾರೆ. ೧೫೬೫ರಲ್ಲಿ ವಿಜಯನಗರವು ಮುರಿದುಬಿದ್ದಮೇಲೆ ಅದರ ದಂಡಿನಲ್ಲಿ ಚದರಿದ ನಾಯಕರು ಗುಡ್ಡಕ್ಕೊಂದು ಕೋಟೆಯನ್ನು ಕಟ್ಟಿಕೊಂಡರು. ಹರಪನಹಳ್ಳಿಯ ಮನೆತನವು ಇವರಲ್ಲಿ ದೊಡ್ಡದು. ಕೂಡ್ಲಿಗಿಯ ಕಡೆ ಗುಡೇಕೋಟೆ, ಜರಿಮಲೆಗಳ ಪಾಳೆಯಪಟ್ಟುಗಳು ಚಿಕ್ಕವು. ಇವರ ದಕ್ಷಿಣಕ್ಕೆ ಚಿತ್ರದುರ್ಗದ ನಾಯಕರು. ಇವರೊಳಗೆ ಹೆಣ್ಣು ಕೊಡುವುದೂ ತರುವುದೂ ಎಷ್ಟು ಸಹಜವಾಗಿದ್ದಿತೋ ಕತ್ತಿ ಹಿರಿಯುವುದೂ ಅಷ್ಟೇ ಸಹಜವಾಗಿದ್ದಿತು. ೧೭೪೮ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಮದಕರಿ ನಾಯಕನು ಆನೆಯ ಮೇಲೆ ಕುಳಿತು ಹೋರಾಡುತ್ತಿದ್ದಾಗ ಅವನನ್ನು ಸುತ್ತುಗಟ್ಟಿ ಕೊಂದವನು ಹರಪನಹಳ್ಳಿಯ ಸೋಮಶೇಖರ ನಾಯಕ.

ಬೇಡರ ಗುರಿಯ ಕೀರ್ತಿಯು ದೂರದವರೆಗೂ ಹರಡಿದ್ದಿತು. ೧೭೦೫ರಲ್ಲಿ ಔರಂಗಜೇಬನು ತನ್ನ ಕೊನೆಯ ಮುತ್ತಿಗೆಯನ್ನು ಸುರಪುರದ ಬೇಡರ ವಾಗಿನಗೇರೆಯ ಮೇಲೆ ಹಾಕಿದನು. ದೆಹಲಿಯ ಪಾದಶಹನು ತಾನೇ ಬಂದು ಗುಡಾರ ಹೂಡಿದರೂ ಆ ಚಿಕ್ಕ ಕೋಟೆ ತಿಂಗಳುಗಟ್ಟಲೆ ಬಗ್ಗದೆ ನಿಂತದ್ದಕ್ಕೆ ಅಲ್ಲಿನ ಕೋವಿಕಾರರೇ ಮುಖ್ಯ ಕಾರಣರು. ಪಿಡ್ಡ ನಾಯಕನು ಕೊನೆಗೆ ಕೋಟೆಯನ್ನು ಬಿಟ್ಟುಹೋದನೇ ಹೊರತು ಕೈಗೆ ಸಿಕ್ಕಲಿಲ್ಲ.

ಈ ಜನರ ಕೈಯಲ್ಲಿದ್ದ ಆಯುಧವು ಎಂತಹದೆಂಬುದನ್ನು ಸ್ವಲ್ಪ ವಿವರಿಸಬೇಕು. ಅದು ಬತ್ತಿಯ ಕೋವಿ. ಉದ್ದವಾದ ಕಬ್ಬಿಣದ ನಳಿಗೆ, ಒಳಭಾಗ ನುಣುಪು. ಮೊದಲು ಬಾಯಿಂದ ಮದ್ದನ್ನು ಸುರಿಯಬೇಕು. ಅದರ ಮೇಲೆ ಗುಂಡನ್ನಿಟ್ಟು ಸಲಾಕೆಯಿಂದ ಗಟ್ಟಿಸಬೇಕು. ನಳಿಗೆಯ ಬುಡದ ಪಕ್ಕದಲ್ಲಿರುವ ಕಿವಿಯಂತಹ ಬಟ್ಟಲಿಗೆ ನಯವಾದ ರಂಜಕದ ಪುಡಿಯನ್ನು ಹಾಕಬೇಕು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹತ್ತಿಯ ಹುರಿ, ಅಂದರೆ ಜಾಮಗಿ, ತುದಿಯಲ್ಲಿ ಕೆಂಡವಾಗಿ ಉರಿಯುತ್ತಿರಬೇಕು. ಅದರ ಬೂದಿಯನ್ನು ಊದಿ ಹಾರಿಸಿ, ಕೊಕ್ಕೆಗೆ ಸಿಕ್ಕಿಸಿ, ಕುದುರೆಯನ್ನು ಒತ್ತಿದರೆ ಕೆಂಡವು ರಂಜಕದ ಮೇಲೆ ಇಳಿಯುತ್ತದೆ. ಮೊದಲು ಪಕ್ಕದಲ್ಲಿ ಒಂದು ಮಿಂಚು, ಆಮೇಲೆ ಹೊಗೆ, ಆಮೇಲೆ ಏಟು. ಮಿಂಚಿಗೂ ಏಟಿಗೂ ನಡುವೆ ಇರುವ ಅರೆಕ್ಷಣವೇ ಗುರಿಕಾರನ ಪರೀಕ್ಷೆ. ಕಣ್ಣಿನ ಪಕ್ಕದಲ್ಲಿ ಬೆಂಕಿ ಹೊತ್ತಿದರೂ ರೆಪ್ಪೆ ಮುಚ್ಚದೆ, ಭುಜ ಅಲುಗದೆ, ಗುಂಡು ನಳಿಗೆಯನ್ನು ಬಿಡುವವರೆಗೂ ಗುರಿಯನ್ನು ಹಿಡಿದಿರತಕ್ಕವನೇ ಗುರಿಕಾರ. ಇಂದಿನ ರೈಫಲ್ ಶಾಲೆಗಳಲ್ಲಿ ಕೂಡ ಉಪಾಧ್ಯಾಯರು ಮೊದಲ ದಿನವೇ ಹೇಳಿಕೊಡುವ ಪಾಠವಿದು: ಕುದುರೆಯನ್ನು ಒತ್ತಿದೊಡನೆ ತಲೆಯೆತ್ತಬೇಡ, ಗುಂಡು ಹೋದಮೇಲೂ ಗುರಿಯನ್ನು ನೋಡುತ್ತಿರು. ಅವರು ಅದನ್ನು ಪಶ್ಚಿಮದ ಪುಸ್ತಕಗಳಿಂದ ಕಲಿತಿರಬಹುದು. ಗುಡೇಕೋಟೆಯ ಬೇಡನಿಗೆ ಅದನ್ನು ಜಾಮಗಿಯೇ ಕಲಿಸಿದ್ದಿತು.

ಈ ಕೋವಿಯಿಂದ ಎಷ್ಟು ದೂರ ಹೊಡೆಯಬಹುದಾಗಿದ್ದಿತು? ನುಣುಪು ನಳಿಗೆಯಲ್ಲಿ ಗುಂಡು ಗೋಡೆಯಿಂದ ಗೋಡೆಗೆ ತಾಕುತ್ತ ಹೊರಬೀಳುತ್ತದೆ. ಕೊನೆಯ ತಾಕು ಯಾವ ಕಡೆಗೋ ಅದರ ದಾರಿಯೂ ಆ ಕಡೆಗೇ. ಇಂಗ್ಲೆಂಡಿನ ಸೇನಾಧಿಕಾರಿ ಹ್ಯಾಂಗರ್ ಎಂಬಾತನು ೧೮೧೪ರಲ್ಲಿ ತಮ್ಮ ಸೈನ್ಯದ ಬಂದೂಕಿನ ವಿಷಯವಾಗಿ ಬರೆಯುತ್ತ, ಎಂಭತ್ತು ಗಜದಲ್ಲಿ ಅದು ಒಬ್ಬನಿಗೆ ತಗಲೀತು, ನೂರು ಗಜದಲ್ಲಿ ತಗಲಿದರೂ ತಗಲಬಹುದು, ಇನ್ನೂರು ಗಜಕ್ಕೆ ಹೊಡೆಯುವವನು ಚಂದ್ರನಿಗೇ ಗುರಿಯಿಡಬಹುದು ಎಂಬರ್ಥದ ಮಾತನ್ನಾಡಿದ್ದಾನೆ. ನಮ್ಮವರ ಕೋವಿಯ ನಳಿಗೆ ಅದಕ್ಕಿಂತ ಉದ್ದ. ಗುಂಡನ್ನು ನಳಿಗೆಗೆ ಬಿಗಿಯಾಗಿ ಕೂರಿಸುತ್ತಿದ್ದರು. ಬಂಡೆಯ ಮೇಲೋ ಕೋಟೆಯ ತೆನೆಯ ನಡುವೆಯೋ ಊರಿ ಹೊಡೆಯುತ್ತಿದ್ದರು. ಆದಕಾರಣ ಅದರ ಗುರಿ ಕುಂಪಣಿಯ ಬಂದೂಕಿಗಿಂತ ಮೇಲೆಂದು ಅದನ್ನು ಎದುರಿಸಿದ ಇಂಗ್ಲಿಷರೇ ಒಪ್ಪಿದ್ದುಂಟು. ಆದರೆ ನಿಧಾನ. ಕುಂಪಣಿಯ ಸಿಪಾಯಿಯು ಎರಡು ಮೂರು ಏಟು ಹಾಕುವಷ್ಟರಲ್ಲಿ ಇವನದು ಒಂದು. ಮಳೆ ಬಂದರೆ ಅದೂ ಇಲ್ಲ.

ಇನ್ನು ಅಭ್ಯಾಸ. ಪೆಟ್ಲುಪ್ಪನ್ನು ಈ ಸೀಮೆಯ ಚೌಳುಮಣ್ಣಿನಿಂದ ತೆಗೆಯಬಹುದಾಗಿದ್ದಿತು; ಇದ್ದಿಲು ಊರಿನದೇ; ಗಂಧಕ ಮತ್ತು ಸೀಸಗಳು ಪರಸ್ಥಳದಿಂದ ಬರಬೇಕು, ದುಡ್ಡು ಕೊಡಬೇಕು. ಹಲಗೆಯನ್ನು ನಿಲ್ಲಿಸಿ ದಿನಕ್ಕೆ ಇಪ್ಪತ್ತು ಗುಂಡು ಹಾರಿಸುವ ಅಭ್ಯಾಸವನ್ನು ಯಾವ ಬೇಡನೂ ಕನಸಿನಲ್ಲಿ ಕೂಡ ಕಂಡಿರಲಾರ. ಅವನ ಅಭ್ಯಾಸವೆಂದರೆ ಬೇಟೆ. ಒಂದು ಗುಂಡಿಗೆ ಒಂದು ಮೊಲವೋ ಚಿಗರಿಯೋ ಬೀಳದಿದ್ದರೆ ಆ ದಿನದ ಮದ್ದು ನಷ್ಟ, ಅಡಿಗೆಯೂ ನಷ್ಟ. ಇಂತಹ ಲೆಕ್ಕದಿಂದ ಹುಟ್ಟಿದ ಗುರಿ ಅದು. ಅಭ್ಯಾಸದಲ್ಲಿ ಬಹಳ ಗುಂಡು ಹಾರಿಸಿದವನಿಗಿಂತ ಕಡಿಮೆ ಗುಂಡು ಹಾರಿಸಿ ಬಹಳ ಹೊತ್ತು ಕಾದವನೇ ಇಲ್ಲಿ ಮೇಲಾದ ಗುರಿಕಾರನಾಗುತ್ತಿದ್ದನು.

ಪಾಳೆಯಗಾರನು ಇಂತಹವರಿಗೆ ಸಂಬಳದ ಬದಲು ನೆಲವನ್ನು ಕೊಡುತ್ತಿದ್ದನು. ಕಟ್ಟುಬಡಿ ಎಂದು ಇವರಿಗೆ ಹೆಸರು. ಕರೆದಾಗ ಕೋವಿಯೊಡನೆ ಬರಬೇಕು, ಉಳಿದ ದಿನ ಉಳಬೇಕು. ಹೀಗೆ ಉಳುವವನೂ ಬೇಟೆಯಾಡುವವನೂ ಸೈನಿಕನೂ ಒಬ್ಬನೇ ಆಗಿದ್ದನು. ಇದರ ಬೆಲೆಯನ್ನು ಚೆನ್ನಾಗಿ ಅರಿತವನು ಹೈದರಾಲಿ. ೧೭೭೯ರಲ್ಲಿ ಚಿತ್ರದುರ್ಗವನ್ನು ಹಿಡಿದಮೇಲೆ ಅವನು ಅಲ್ಲಿಯ ಬೇಡರಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ಹುಡುಗರನ್ನು ಆರಿಸಿ ಚೇಲಾ ಪಟಾಲಮುಗಳನ್ನು ಕಟ್ಟಿದನು. ಒಂದು ಸೀಮೆಯ ಗುರಿಯನ್ನು ಬೇರುಸಹಿತ ಕಿತ್ತು ತನ್ನ ತೋಟದಲ್ಲಿ ನೆಟ್ಟ ಹಾಗಾಯಿತು.

ಕುಂಪಣಿಯವರು ಹಿಡಿದ ದಾರಿ ಬೇರೆ. ೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದನು. ಆ ಮಂಡಲದಲ್ಲಿ ಎಂಭತ್ತು ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು ಮೂವತ್ತು ಸಾವಿರ ಆಯುಧಪಾಣಿಗಳೂ ಇರುವರೆಂದು ಲೆಕ್ಕವಾಯಿತು. ಜನರಲ್ ಡುಗಾಲ್ಡ್ ಕ್ಯಾಂಪ್‌ಬೆಲ್ಲನ ದಂಡು ಕೋಟೆಗಳನ್ನು ಒಡೆಯಿತು. ಮನ್ರೋ ಲೇಖಣಿಯಿಂದ ಉಳಿದದ್ದನ್ನು ಮಾಡಿದನು. ೧೮೦೭ರಲ್ಲಿ ಅವನು ಊರಿಗೆ ಹೊರಡುವ ಹೊತ್ತಿಗೆ ಪಾಳೆಯಗಾರರು ಪಿಂಚಣಿದಾರರಾಗಿದ್ದರು ಅಥವಾ ದೇಶಭ್ರಷ್ಟರಾಗಿದ್ದರು. ಮನ್ರೋನನ್ನು ರಯತವಾರಿಯ ಜನಕನೆಂದು ಹೊಗಳುವವರು ಈ ಮೂವತ್ತು ಸಾವಿರ ಜನರ ವಿಷಯವನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಕೋವಿಯನ್ನು ಯಾರೂ ಬಲಾತ್ಕಾರದಿಂದ ಕಿತ್ತುಕೊಳ್ಳಬೇಕಾಗಿರಲಿಲ್ಲ. ಅದನ್ನು ಹಿಡಿಯುವುದಕ್ಕೆ ಕೊಟ್ಟ ನೆಲಕ್ಕೆ ಕಂದಾಯವನ್ನು ಹಾಕಿದರೆ ಸಾಕು. ಕೋವಿಯು ತಾನಾಗಿಯೇ ಅಟ್ಟದ ಮೇಲೆ ಹೋಗುತ್ತದೆ.

ಅಟ್ಟದಿಂದಲೂ ಅದನ್ನು ಇಳಿಸಬೇಕೆಂಬ ಕಾಲವು ೧೮೫೭ರಲ್ಲಿ ಬಂದಿತು. ವಿಚಿತ್ರವೆಂದರೆ ಆ ವರ್ಷದ ದೊಡ್ಡ ಕೋಲಾಹಲಕ್ಕೆ ನೆಪವಾದದ್ದು ದೂರದ ಗುರಿಯೇ. ಎನ್‌ಫೀಲ್ಡ್ ಎಂಬ ಹೊಸ ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಗೆರೆಗಳನ್ನು ಕೊರೆದಿದ್ದರು. ಬುಡದಲ್ಲಿ ಟೊಳ್ಳಾದ ಸೀಸದ ಗುಂಡು ಮದ್ದಿನ ಒತ್ತಡದಿಂದ ಅಗಲವಾಗಿ ಆ ಗೆರೆಗಳನ್ನು ಕಚ್ಚಿಕೊಂಡು, ಬುಗುರಿಯಂತೆ ತಿರುಗುತ್ತ ಹೊರಬೀಳುತ್ತಿದ್ದಿತು. ತಿರುಗುವ ಬುಗುರಿ ಹೇಗೆ ಬೀಳದೆ ನಿಲ್ಲುತ್ತದೆಯೋ ಹಾಗೆ ತಿರುಗುವ ಗುಂಡು ದಾರಿತಪ್ಪದೆ ಹೋಗುತ್ತದೆ. ಅದರ ಮೇಲಿನ ಗುರಿಪಟ್ಟಿಯಲ್ಲಿ ಒಂಬೈನೂರು ಗಜದವರೆಗೆ ಗುರುತುಗಳಿದ್ದವು. ಆದರೆ ಬಿಗಿಯಾದ ಗುಂಡು ನಳಿಗೆಯೊಳಕ್ಕೆ ಸುಲಭವಾಗಿ ಇಳಿಯಬೇಕಾದರೆ ತೋಟೆಗೆ ಕೊಬ್ಬನ್ನು ಸವರಬೇಕು. ಆ ಕೊಬ್ಬಿನ ಕಥೆ ಕೇಳುಗರಿಗೆ ತಿಳಿದದ್ದೇ.

ದಂಗೆಯೆದ್ದ ದೇಶದಲ್ಲಿ ಆಯುಧಗಳನ್ನು ಕೂಡಿಸಿಕೊಳ್ಳುವ ಶಾಸನವು ಅದೇ ವರ್ಷ ಹೊರಟಿತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಏನು ಮಾಡಿದರೆಂಬುದು ನಮ್ಮ ಐದು ಊರುಗಳ ಕಥೆಯಲ್ಲದಿದ್ದರೂ ಬೇಡರ ಮನೆಯಲ್ಲಿ ಕೋವಿಗೆ ಇದ್ದ ಸ್ಥಾನವನ್ನು ಅದರಷ್ಟು ಸ್ಪಷ್ಟವಾಗಿ ತಿಳಿಸುವ ಸಂಗತಿ ಬೇರೊಂದಿಲ್ಲ. ಅವರು ಕೊಡಲಿಲ್ಲ. ದಂಡು ಬಂದಿತು, ಊರು ಬೆಂದಿತು, ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಇದನ್ನು ಹಾಡುವ ಲಾವಣಿಯನ್ನು ಶಾಸನಗಳ ಸಂಶೋಧಕನಾದ ಫ್ಲೀಟನೇ ಸಂಗ್ರಹಿಸಿ ಅಚ್ಚುಹಾಕಿಸಿದನೆಂಬುದು ಇಂಗ್ಲಿಷರ ಆಡಳಿತದ ಸೋಜಿಗಗಳಲ್ಲಿ ಒಂದು. ೧೮೫೮ರಲ್ಲಿ ತುಂಗಭದ್ರೆಯ ಆಚೆ ದಡದಲ್ಲಿ, ಹಡಗಲಿಯ ಸೀಮೆಗೆ ಎದುರಾಗಿ, ಮುಂಡರಗಿಯ ಭೀಮರಾಯನು ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದನು. ಅಲ್ಲಿಯೂ ಕಿಡಿ ಹತ್ತಿದ್ದು ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದದ್ದರಿಂದಲೇ.

ಕೊನೆಗೆ ೧೮೭೮ರ ಆಯುಧಶಾಸನವು ಇಡೀ ಬ್ರಿಟಿಷ್ ಇಂಡಿಯಾದಲ್ಲಿ ರಹದಾರಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಐರೋಪ್ಯರಿಗೆ ಈ ಕಟ್ಟಳೆಯಿಂದ ವಿನಾಯಿತಿ. ಅದು ತೊಲಗಿದ್ದು ೧೯೨೦ರ ಸುಮಾರಿಗೆ. ನಮ್ಮವರಲ್ಲಿ ವಿನಾಯಿತಿಯನ್ನು ಪಡೆದವರಲ್ಲಿ ಕೊಡಗರು ಪ್ರಸಿದ್ಧರು; ೧೮೬೧ರಿಂದ ನಡೆದು ಬಂದ ಆ ಅನುಗ್ರಹ ಇಂದಿಗೂ ನಡೆಯುತ್ತಿದೆ. ಕೈಲ್‌ಪೊಳ್ದಿನ ಹಬ್ಬದಲ್ಲಿ ಕೊಡಗಿನವರು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಒಂದು ಜನಾಂಗದ ಗುರಿ ಹಬ್ಬವಾಗಿ ಉಳಿಯಿತು. ಇನ್ನೊಂದು ಜನಾಂಗದ ಗುರಿ ಲಾವಣಿಯಾಗಿ ಉಳಿಯಿತು. ಇಬ್ಬರ ಕೈಯೂ ಒಂದೇ, ಕಣ್ಣೂ ಒಂದೇ. ಒಬ್ಬರನ್ನು ಸರಕಾರವು ನಂಬಿತು, ಇನ್ನೊಬ್ಬರನ್ನು ನಂಬಲಿಲ್ಲ.

ಈಗ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ವಿಚಾರಕ್ಕೆ ಈಡಾಗಿರುವ ಭಾಗಕ್ಕೆ ಬರುತ್ತೇನೆ. ೧೮೯೯ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರರ ಯುದ್ಧ ಹತ್ತಿತು. ಬೋಯರರು ಒಕ್ಕಲಿಗರು. ಕುದುರೆಯ ಮೇಲೆ ಬಯಲಿನಲ್ಲಿ ಜಿಂಕೆಗಳನ್ನು ಬೇಟೆಯಾಡಿ ಬೆಳೆದವರು, ಕೈಯಲ್ಲಿ ಜರ್ಮನಿಯ ಮೌಸರ್ ರೈಫಲು, ಹೊಗೆಯಿಲ್ಲದ ಮದ್ದು. ಅದೇ ವರ್ಷದ ಡಿಸೆಂಬರ್ ೧೫ರಂದು ಕೊಲೆನ್ಸೋ ಎಂಬಲ್ಲಿ ಇಂಗ್ಲಿಷರು ಹನ್ನೆರಡು ಫಿರಂಗಿಗಳನ್ನು ನದಿಯ ಕಡೆಗೆ ತಂದು ನಿಲ್ಲಿಸಿದರು. ಸುಮಾರು ಸಾವಿರ ಗಜದಾಚೆ ಅಡಗಿ ಕುಳಿತಿದ್ದ ಒಕ್ಕಲಿಗರು ಬರಿಯ ರೈಫಲುಗಳಿಂದ ಫಿರಂಗಿಯವರನ್ನು ಉರುಳಿಸಿದರು. ಹತ್ತು ಫಿರಂಗಿಗಳು ಬೋಯರರ ಪಾಲಾದವು. ಅವುಗಳನ್ನು ಎಳೆದುತರಲು ಹೋದವರಲ್ಲಿ ಲಾರ್ಡ್ ರಾಬರ್ಟ್ಸನ ಒಬ್ಬನೇ ಮಗನೂ ಇದ್ದು ಅಲ್ಲಿ ಆದ ಗಾಯಗಳಿಂದ ಎರಡು ದಿನಗಳ ಮೇಲೆ ಮಡಿದನು. ಪುಸ್ತಕ ಓದಿ ಕಲಿತ ಸೈನ್ಯವನ್ನು ಬೇಟೆಯಿಂದ ಕಲಿತ ರೈತರು ಹೀಗೆ ಸೋಲಿಸಿದ್ದನ್ನು ಕಂಡು ಇಂಗ್ಲೆಂಡ್ ಬೆಚ್ಚಿಬಿದ್ದಿತು.

ಅದರ ಫಲವೇನಾಯಿತು? ೧೯೦೦ರಲ್ಲಿ ಪ್ರಧಾನಮಂತ್ರಿ ಸಾಲಿಸ್‌ಬರಿಯೇ ದೇಶದ ಪ್ರತಿಯೊಂದು ಗುಡಿಸಲಿನಲ್ಲಿಯೂ ಒಂದು ರೈಫಲು ಇರಬೇಕೆಂಬ ಆಶಯವನ್ನು ಬಹಿರಂಗವಾಗಿ ಆಡಿದನು. ೧೯೦೧ರಲ್ಲಿ ಸಣ್ಣ ರೈಫಲುಗಳ ಸಂಘಗಳನ್ನು ಊರೂರಿನಲ್ಲಿ ಏರ್ಪಡಿಸುವುದಕ್ಕಾಗಿ ಒಂದು ಸಂಸ್ಥೆ ಹುಟ್ಟಿತು. ಕಾರಖಾನೆಯ ಕೂಲಿಯವನೂ ಕಚೇರಿಯ ಗುಮಾಸ್ತೆಯೂ ಸಂಜೆಯ ಹೊತ್ತು ಗುರಿ ಅಭ್ಯಾಸಮಾಡತಕ್ಕದ್ದು ದೇಶಭಕ್ತಿಯೆನಿಸಿತು. ಅದಕ್ಕೆ ನಾಲ್ವತ್ತು ವರ್ಷ ಮುಂಚೆಯೇ, ೧೮೬೦ರ ಜುಲೈ ೨ರಂದು, ವಿಂಬಲ್ಡನ್ನಿನಲ್ಲಿ ರೈಫಲ್ ಸಂಘದ ಮೊದಲ ಪಂದ್ಯವನ್ನು ವಿಕ್ಟೋರಿಯ ರಾಣಿಯೇ ಉದ್ಘಾಟಿಸಿದ್ದಳು. ಆಸರೆಯ ಮೇಲೆ ಬಿಗಿದ ರೈಫಲಿನ ದಾರವನ್ನು ಅವಳು ಎಳೆದಳು. ನಾನೂರು ಗಜದಾಚೆಯ ಗುರಿಯ ನಟ್ಟನಡುವಿಗೆ ಗುಂಡು ತಗಲಿತು. ರಾಣಿಗೆ ದಾರವೆಳೆಯುವುದಷ್ಟೇ ಕೆಲಸ, ಗುರಿಯಿಟ್ಟವರು ಬೇರೆ.

ಈ ಬೋಯರರಲ್ಲಿ ಸೆರೆಸಿಕ್ಕಿದ ಸಾವಿರಾರು ಜನರನ್ನು ಇಂಡಿಯಾಕ್ಕೆ ಸಾಗಿಸಿದರು. ಅವರನ್ನಿಟ್ಟಿದ್ದ ಊರುಗಳಲ್ಲಿ ಒಂದು ಬಳ್ಳಾರಿ. ೧೯೦೨ರಲ್ಲಿ ಒಪ್ಪಂದವಾಗುವವರೆಗೂ ಜಗತ್ತಿನ ಮೇಲಾದ ಗುರಿಕಾರರೆಂದು ಹೆಸರಾದ ಒಕ್ಕಲಿಗರು ಬಳ್ಳಾರಿಯ ಕಾವಲಿನೊಳಗೆ ಕುಳಿತಿದ್ದರು. ಅದೇ ಜಿಲ್ಲೆಯ ಕೂಡ್ಲಿಗಿ, ಹರಪನಹಳ್ಳಿಗಳಲ್ಲಿ, ಒಂದು ಕಾಲಕ್ಕೆ ಅವರಂತೆಯೇ ಉಳುತ್ತ ಬೇಟೆಯಾಡುತ್ತ ಗುರಿ ಕಲಿತಿದ್ದವರ ಮೊಮ್ಮಕ್ಕಳು ರಹದಾರಿಗಾಗಿ ಕಚೇರಿಯ 

ಬಾಗಿಲಿನಲ್ಲಿ ನಿಂತಿದ್ದರು. ಇಂಗ್ಲೆಂಡಿನ ಗುಡಿಸಲಿಗೆ ರೈಫಲು ಬೇಕು. ಕೂಡ್ಲಿಗಿಯ ಗುಡಿಸಲಿಗೆ ಬೇಡ. ಸಾಮ್ರಾಜ್ಯವೆಂದರೇನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಎರಡು ಗುಡಿಸಲುಗಳನ್ನು ಅವರ ಮುಂದಿಡುವುದುಂಟು.

ಕಾಂಗ್ರೆಸ್ಸು ೧೮೮೭ರ ಮದರಾಸಿನ ಅಧಿವೇಶನದಲ್ಲಿಯೇ ಆಯುಧಶಾಸನವನ್ನು ಸಡಿಲಿಸಬೇಕೆಂದು ಕೇಳಿದ್ದಿತು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರು ಕೂಡ ೧೯೩೦ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಅಂಶಗಳಲ್ಲಿ ಆತ್ಮರಕ್ಷಣೆಯ ಕೋವಿಗೆ ರಹದಾರಿ ದೊರೆಯಬೇಕೆಂಬುದನ್ನು ಸೇರಿಸಿದ್ದರೆಂಬುದನ್ನು ಅನೇಕರು ಮರೆತಿದ್ದಾರೆ. ಅವರ ಚಿತಾಭಸ್ಮದ ಸ್ಮಾರಕವೊಂದು ಕೂಡ್ಲಿಗಿಯಲ್ಲಿಯೇ ಇದೆ.

ಹಾಗಾದರೆ ಈ ಬಯಲಿನಲ್ಲಿ ದೂರದ ಗುರಿಯನ್ನು ಯಾರು ಅಭ್ಯಾಸಮಾಡಿದರು? ಬಳ್ಳಾರಿಯ ದಂಡಿನವರು, ರೈಲ್ವೆಯ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರಿಂದಾದ ಸದರ್ನ್ ಮರಾಠಾ ರೈಲ್ವೆ ರೈಫಲ್ಸ್ ಎಂಬ ಸ್ವಯಂಸೇವಕ ದಳದವರು, ರಜದ ದಿನಗಳಲ್ಲಿ ಶಿಕಾರಿಗೆ ಹೊರಡುವ ಅಧಿಕಾರಿಗಳು. ಅಭ್ಯಾಸದ ವಿಷಯದಲ್ಲಿ ಇವರಿಗಾಗಲಿ ಬೇರೆ ಯಾರಿಗಾಗಲಿ ನಿಸರ್ಗವು ಇಡುವ ತೊಡಕುಗಳು ಒಂದೇ. ಆ ಕಾಲದ ·೩೦೩ ರೈಫಲಿನ ಗುಂಡು ನಳಿಗೆಯನ್ನು ಬಿಡುವಾಗ ಸೆಕೆಂಡಿಗೆ ೨,೪೪೦ ಅಡಿಯ ವೇಗದಲ್ಲಿರುತ್ತದೆ. ಆರುನೂರು ಗಜವನ್ನು ಮುಟ್ಟಲು ಅದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಕೈಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ ಹದಿನಾರು ಅಡಿ ಬೀಳುತ್ತದೆ. ಗುಂಡೂ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತದೆ. ಆದಕಾರಣ ಆರುನೂರು ಗಜದ ಗುರಿಗೆ ಹೊಡೆಯತಕ್ಕವನು ಎರಡು ಆಳು ಮೇಲೆ ಮತ್ತೊಂದು ಆಳಿನಷ್ಟು ಎತ್ತರದ ಆಕಾಶಕ್ಕೆ ನಳಿಗೆಯನ್ನು ತಿರುಗಿಸಬೇಕಾಗುತ್ತದೆ. ಇದು ಲೆಕ್ಕದಿಂದ ಬಗೆಹರಿಯುವ ತೊಡಕು. ಗಾಳಿಯದು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅಷ್ಟು ದೂರದಲ್ಲಿ ಗುಂಡನ್ನು ಒಂದು ಗಜದಷ್ಟು ಪಕ್ಕಕ್ಕೆ ತಳ್ಳುತ್ತದೆ. ಆಷಾಢದಲ್ಲಿ ಹರಪನಹಳ್ಳಿಯ ಕಡೆ ಬೀಸುವ ಗಾಳಿಯನ್ನು ಕಂಡವರು ಹತ್ತು ಮೈಲಿಯನ್ನು ಗಾಳಿಯೆಂದು ಕರೆಯುವುದೇ ಇಲ್ಲ.

ಗುರಿಕಾರರು ಈ ಗಾಳಿಯನ್ನು ಓದುವ ಬಗೆ ಸ್ವಾರಸ್ಯವಾದದ್ದು. ಬೇಸಗೆಯಲ್ಲಿ ನೆಲದಿಂದೇಳುವ ಬಿಸಿಲ್ಗುದುರೆಯನ್ನು ದುರ್ಬೀನಿನಲ್ಲಿ ನೋಡುತ್ತಾರೆ. ಅದು ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿಯಿಲ್ಲ; ಬಲಕ್ಕೆ ಹರಿಯುತ್ತಿದ್ದರೆ ಗಾಳಿ ಎಡದಿಂದ; ತೀರ ಚಪ್ಪಟೆಯಾಗಿ ಓಡಿದರೆ ಗಾಳಿ ಬಲವಾಗಿದೆ. ಕವಿಗಳು ಭ್ರಾಂತಿಗೆ ಉಪಮೆಯಾಗಿ ಬಳಸಿದ ವಸ್ತುವನ್ನೇ ಗುರಿಕಾರನು ಸತ್ಯಕ್ಕೆ ಸಾಕ್ಷಿಯಾಗಿ ಬಳಸುತ್ತಾನೆ.

ಬೇಟೆಯ ಮಾತಿಗೆ ಬರೋಣ. ಈ ಸೀಮೆಯ ಬಯಲಿನ ಒಡೆಯನು ಚಿಗರಿ, ಎಂದರೆ ಕೃಷ್ಣಮೃಗ. ಅದು ನಡೆದು ಬರುವ ಮನುಷ್ಯನನ್ನು ಬಹು ದೂರದಿಂದಲೇ ಕಂಡು ಜಿಗಿಯುತ್ತದೆ. ದಿನವೂ ಕಾಣುವ ಎತ್ತಿನ ಬಂಡಿಗೆ ಹೆದರುವುದಿಲ್ಲ. ಶಿಕಾರಿಗಳು ಬಂಡಿಯ ಮರೆಯಲ್ಲಿ ನಡೆಯುತ್ತ, ನೆಟ್ಟಗೆ ಹೋಗದೆ ಸುತ್ತುಬಳಸಿ, ನೂರು ಗಜದೊಳಕ್ಕೆ ಸೇರಿ ಹೊಡೆಯುತ್ತಿದ್ದರು. ಬಂಡಿ ಹೊಡೆಯುವವನು ಊರಿನವನು, ಹೆಚ್ಚಾಗಿ ಹಳೆಯ ಬೇಟೆಗಾರರ ಮನೆಯವನೇ. ಗಾಳಿಯನ್ನು ನೋಡುವವನು ಅವನು, ಮೃಗದ ಮನಸ್ಸನ್ನು ಅರಿತವನು ಅವನು, ಎಲ್ಲಿ ನಿಲ್ಲಬೇಕೆಂದು ಹೇಳುವವನೂ ಅವನು; ಕುದುರೆಯನ್ನು ಒತ್ತುವ ಬೆರಳು ಮಾತ್ರ ದೊರೆಯದು. ಹೊಗೆಯಿಲ್ಲದ ಮದ್ದಿನ ರೈಫಲು ಬಂದಮೇಲೆ ಬಂಡಿಯ ಉಪಾಯಕ್ಕೂ ತಾಳ್ಮೆಯಿಲ್ಲದೆ ಇನ್ನೂರು, ಮುನ್ನೂರು ಗಜದಿಂದ ಹೊಡೆಯುವವರು ಹೆಚ್ಚಿದರು. ಒಳ್ಳೆಯ ಶಿಕಾರಿಗಳು ಇದನ್ನು ಹೀನವೆಂದು ಎಣಿಸುತ್ತಿದ್ದರು, ಮತ್ತು ಅವರ ಎಣಿಕೆ ಸರಿಯಾಗಿದ್ದಿತು. ಹಲಗೆಯ ಮೇಲೆ ಆರು ಅಂಗುಲ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಚಿಗರಿಯ ಮೇಲೆ ಆರು ಅಂಗುಲ ತಪ್ಪಿದರೆ ಅದು ಮುರಿದ ಕಾಲನ್ನೆಳೆಯುತ್ತ ಎರೆಯ ಹೊಲದಲ್ಲಿ ಎರಡು ದಿನ ಸಾಯುತ್ತದೆ. ಗುರಿಯ ಪಂದ್ಯಕ್ಕೆ ದೂರವೇ ಗೌರವ. ಬೇಟೆಗೆ ಹತ್ತಿರವೇ ಗೌರವ. ಒಂದು ಗುಂಡಿನ ಬೇಡನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗೆ ಹೊಡೆದದ್ದು ಎಷ್ಟು? ದಖ್ಖನಿನ ಅಹಮದನಗರದಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷನು ೧೮೦೯ರಿಂದ ೧೮೨೯ರವರೆಗೆ ೯೬೧ ಎರೆಭೂತ ಹಕ್ಕಿಗಳನ್ನು ಹೊಡೆದನೆಂದು ದಾಖಲೆಯಿದೆ. ಆಗಿನ್ನೂ ದೂರದ ರೈಫಲು ಕೂಡ ಬಂದಿರಲಿಲ್ಲ. ಇಂದು ಇಡೀ ದೇಶದಲ್ಲಿ ಆ ಹಕ್ಕಿ ಅಷ್ಟು ಸಂಖ್ಯೆಯಲ್ಲಿ ಉಳಿದಿಲ್ಲ. ಬಳ್ಳಾರಿಯ ಬಯಲಿನಲ್ಲಿ ಸಿರುಗುಪ್ಪದ ಕಡೆ ಕೆಲವು ಕಂಡುಬಂದುದೇ ದೊಡ್ಡ ಸುದ್ದಿಯಾಯಿತು. ೧೯೭೨ರ ವನ್ಯಜೀವಿ ರಕ್ಷಣೆಯ ಶಾಸನವು ಚಿಗರಿಯ ಬೇಟೆಗೂ ಎರೆಭೂತದ ಬೇಟೆಗೂ ಕೊನೆ ಹೇಳಿತು. ಪಾಳೆಯಗಾರನ ಕೋವಿಕಾರರು ಊರಿ ಕುಳಿತಿದ್ದ ಗುಡೇಕೋಟೆಯ ಬಂಡೆಗಳು ಈಗ ಕರಡಿಗಳ ರಕ್ಷಿತಧಾಮ.

ಸ್ವಾತಂತ್ರ್ಯ ಬಂದಮೇಲೆ ಏನಾಯಿತೆಂಬುದು ಸಂಕ್ಷೇಪವಾಗಿ ಹೇಳತಕ್ಕ ಮಾತು. ೧೯೪೮ರಲ್ಲಿ ಎನ್.ಸಿ.ಸಿ. ಹುಟ್ಟಿ ಕಾಲೇಜಿನ ಹುಡುಗರ ಕೈಗೂ ಹುಡುಗಿಯರ ಕೈಗೂ ಸಣ್ಣ ರೈಫಲು ಬಂದಿತು. ೧೯೫೧ರಲ್ಲಿ ಭಾರತದ ರೈಫಲ್ ಸಂಘವು ಸ್ಥಾಪಿತವಾಗಿ ಲೋಕಸಭೆಯ ಮೊದಲ ಸಭಾಪತಿಯೆನಿಸಿದ ಮಾವಳಂಕರರು ಅದರ ಅಧ್ಯಕ್ಷರಾದರು. ೧೯೫೯ರ ಹೊಸ ಶಾಸನವು ಹಳೆಯದನ್ನು ರದ್ದುಮಾಡಿತಾದರೂ ರಹದಾರಿಯ ಪದ್ಧತಿಯನ್ನು ಉಳಿಸಿಕೊಂಡಿತು; ನಾನು ಅದನ್ನು ತಪ್ಪೆನ್ನಲಾರೆ. ದೂರದ ಗುರಿಯ ಪಂದ್ಯಗಳಲ್ಲಿ ಮುನ್ನೂರು ಮೀಟರಿನದು ಈಗಲೂ ನಡೆಯುತ್ತದೆ. ಒಲಿಂಪಿಕ್ಸಿನಲ್ಲಿ ಅದು ೧೯೭೨ಕ್ಕೆ ನಿಂತುಹೋಯಿತು. ೨೦೦೮ರಲ್ಲಿ ಅಭಿನವ ಬಿಂದ್ರಾ ಅವರು ದೇಶಕ್ಕೆ ತಂದ ಚಿನ್ನದ ಪದಕ ಹತ್ತು ಮೀಟರಿನ ದೂರದ್ದು. ರೈಫಲು ಗಾಳಿಯ ಒತ್ತಡದ್ದು. ಸ್ಥಳ ನಾಲ್ಕು ಗೋಡೆಗಳ ಒಳಗಿನದು. ಗುಂಡಿನಳತೆಯು ಸಾವಿರ ಗಜಕ್ಕೆ ಹೋಗಿ ಹತ್ತು ಮೀಟರಿಗೆ ಮರಳಿತು. ಅಭ್ಯಾಸಮಾಡುವವರ ಸಂಖ್ಯೆ ಮತ್ತೆ ಬೆಳೆಯುತ್ತಿರುವುದೂ ಈ ಹತ್ತು ಮೀಟರಿನ ಕೋಣೆಗಳಲ್ಲಿಯೇ.

ಹಳ್ಳಿಯ ರೈತರಲ್ಲಿ ಬೆಳೆಯ ಕಾವಲಿಗೆಂದು ರಹದಾರಿ ಪಡೆದವರು ಇದ್ದಾರೆ. ಅವರದು ಬಹುಮಟ್ಟಿಗೆ ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ ಕೋವಿ. ಜಾಮಗಿಯ ಬದಲು ಟೋಪಿಯಿದೆ ಎಂಬುದನ್ನು ಬಿಟ್ಟರೆ ಅದು ಕಟ್ಟುಬಡಿಯ ಕೋವಿಯೇ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಯ್ದು ಕೊಟ್ಟು ರಸೀದಿ ಪಡೆಯಬೇಕು. ಚುನಾವಣೆ ಮುಗಿದಮೇಲೆ ರಸೀದಿ ತೋರಿಸಿ ಬಿಡಿಸಿಕೊಳ್ಳಬೇಕು. ಮೆಕ್ಕೆಜೋಳ ತೆನೆ ಕಟ್ಟುವ ಕಾಲಕ್ಕೆ ಹಂದಿಯ ಹಿಂಡು ಹೊಲಕ್ಕೆ ಇಳಿದ ಸುಳಿವಾದರೆ ಮುದುಕನು ಅಟ್ಟಣೆಯ ಮೇಲಿಂದ ಅದನ್ನು ಆಕಾಶಕ್ಕೆತ್ತಿ ಒಂದೇಟು ಹಾಕುತ್ತಾನೆ. ಗುಂಡು ಹಾಕಿರುವುದಿಲ್ಲ. ಬರಿಯ ಮದ್ದು.